ಹಿಟ್ಟಿನ ಕೋಳಿಯ ಕೂಗು
(ಯಶೋಧರನ ಕಥೆಯಲ್ಲಿ ದಾಂಪತ್ಯ, ಸಂತಾನ ಮತ್ತು ಸಂಕಲ್ಪಹಿಂಸೆ)

ಹಾನಗಲ್ಲು ತಾಲ್ಲೂಕಿನ ಆಡೂರು ಕನ್ನಡ ನಾಡಿನ ಜೈನ ಇತಿಹಾಸದಲ್ಲಿ ಗೌರವದ ಸ್ಥಾನ ಪಡೆದ ಗ್ರಾಮ. ಬಾದಾಮಿ ಚಾಲುಕ್ಯ ಅರಸ ಕೀರ್ತಿವರ್ಮನ ಕಾಲದ ಶಾಸನವೊಂದು ಇಲ್ಲಿ ದೊರೆತಿದೆ. ಈತನನ್ನು ಒಂದನೆಯ ಕೀರ್ತಿವರ್ಮನೆಂದು ಹಿಂದೆ ಕೆಲವರು ಭಾವಿಸಿದ್ದರು. ಎಂಟನೆಯ ಶತಮಾನದ ನಡುಭಾಗದಲ್ಲಿ ಆಳಿದ ಎರಡನೆಯ ಕೀರ್ತಿವರ್ಮನೆಂಬುದು ಈಗ ವಿದ್ವಾಂಸರು ಒಪ್ಪಿರುವ ಮತ. ಊರಿನ ಅಂದಿನ ಹೆಸರು ಪಾಂಡೀಪುರ. ಧರ್ಮಗಾಮುಂಡನೆಂಬುವನು ಇಲ್ಲಿ ಜಿನಾಲಯವೊಂದನ್ನು ಕಟ್ಟಿಸಿದನು. ಊರ ಗಾಮುಂಡರು ಮಾಧವತ್ತಿ ಅರಸನಲ್ಲಿ ವಿಜ್ಞಾಪಿಸಿಕೊಂಡು, ಆತನ ಸಮ್ಮತಿ ಪಡೆದು, ಕರ್ಮಗಾಲೂರಿನ ಪಡುವಣ ದಿಕ್ಕಿನಲ್ಲಿ ರಾಜಮಾನದ 8 ಮತ್ತರು ಗದ್ದೆಯನ್ನು ಜಿನೇಂದ್ರಭವನಕ್ಕೆ ಬಿಟ್ಟರು. ನೈವೇದ್ಯ, ಅಕ್ಷತೆ, ಗಂಧ, ಪುಷ್ಪ ಇವು ಆ ದಾನದ ಉದ್ದೇಶ.

ಆ ಗಾಮುಂಡರು ದೇವರಿಗೆ ಅರ್ಪಿಸಿದ್ದು ಗದ್ದೆಯ ಅಕ್ಕಿ, ತೋಟದ ಹೂವು. ರಕ್ತದ ಒಂದು ಹನಿಯೂ ಅದರಲ್ಲಿಲ್ಲ. ಆದರೆ ಅರ್ಪಿಸುವ ವಸ್ತು ನಿರ್ದೋಷವಾಗಿದ್ದ ಮಾತ್ರಕ್ಕೆ ಅರ್ಪಣೆಯೂ ನಿರ್ದೋಷವಾಗುವುದೇ? ಅದೇ ಅಕ್ಕಿಯ ಹಿಟ್ಟಿನಿಂದ ಒಂದು ಕೋಳಿಯನ್ನು ಮಾಡಿ, ಕೊಲ್ಲುತ್ತೇನೆಂಬ ಭಾವದಿಂದ ಅದರ ಕತ್ತು ಕೊಯ್ದರೆ ಅದು ಪೂಜೆಯೋ ಕೊಲೆಯೋ? ಈ ಪ್ರಶ್ನೆಯನ್ನು ಜೈನ ಪರಂಪರೆ ಸಾವಿರ ವರ್ಷಗಳಿಗೂ ಮಿಕ್ಕಿ ಕೇಳಿಕೊಂಡು ಬಂದಿದೆ. ಕೇಳಲು ಅದು ಆರಿಸಿಕೊಂಡದ್ದು ಯಾವುದೋ ಯಾಗಶಾಲೆಯನ್ನಲ್ಲ, ಒಂದು ಕುಟುಂಬವನ್ನು: ಗಂಡ, ಹೆಂಡತಿ, ತಾಯಿ, ಮಗ. ಅದೇ ಯಶೋಧರನ ಕಥೆ.

ಕಥೆಯ ಪರಂಪರೆ

ಎಂಟನೆಯ ಶತಮಾನದಲ್ಲಿ ಹರಿಭದ್ರಸೂರಿ ತನ್ನ ಪ್ರಾಕೃತ ಕೃತಿ ಸಮರಾಇಚ್ಚಕಹಾದಲ್ಲಿ ಈ ಕಥೆಯನ್ನು ಹೇಳಿದನು. ಹತ್ತನೆಯ ಶತಮಾನದಲ್ಲಿ ಅದು ರಾಷ್ಟ್ರಕೂಟರ ನಾಡಿನಲ್ಲಿ ವಿಸ್ತಾರವಾಗಿ ಬೆಳೆಯಿತು. ಮುಮ್ಮಡಿ ಕೃಷ್ಣನು ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದ ಕಾಲದಲ್ಲಿ, ಕ್ರಿ.ಶ. 959ರಲ್ಲಿ, ಸೋಮದೇವಸೂರಿ ಗಂಗಾಧಾರಾ ಎಂಬಲ್ಲಿ ಯಶಸ್ತಿಲಕ ಚಂಪುವನ್ನು ಮುಗಿಸಿದನು. ಅದೇ ಶತಮಾನದಲ್ಲಿ ಮಾನ್ಯಖೇಟದಲ್ಲಿ ಪುಷ್ಪದಂತನು ಅಪಭ್ರಂಶದಲ್ಲಿ ಜಸಹರಚರಿಉ ಬರೆದನು. ಹನ್ನೊಂದನೆಯ ಶತಮಾನದಲ್ಲಿ ವಾದಿರಾಜನು ಸಂಸ್ಕೃತದಲ್ಲಿ ಅದನ್ನು ಸಂಗ್ರಹಿಸಿದನು. 1209ರಲ್ಲಿ ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಕವಿಚಕ್ರವರ್ತಿ ಜನ್ನನು ಯಶೋಧರ ಚರಿತೆಯನ್ನು ಕನ್ನಡಕ್ಕೆ ಕೊಟ್ಟನು. ನಾಲ್ಕು ಅವತಾರಗಳ, ಬಹುಪಾಲು ಕಂದಪದ್ಯಗಳ ಆ ಕಿರುಕಾವ್ಯ ಕನ್ನಡದ ಓದುಗರಲ್ಲಿ ಇಂದಿಗೂ ಜೀವಂತವಾಗಿದೆ.

ಇಷ್ಟು ಭಾಷೆಗಳಲ್ಲಿ, ಇಷ್ಟು ಆಸ್ಥಾನಗಳಲ್ಲಿ ಒಂದೇ ಕಥೆ ಮತ್ತೆ ಮತ್ತೆ ಹುಟ್ಟಿದ್ದು ಆಕಸ್ಮಿಕವಲ್ಲ. ಅಹಿಂಸಾಣುವ್ರತವನ್ನು ಹಿಡಿದ ಶ್ರಾವಕನಿಗೆ ಯುದ್ಧ, ಬೇಟೆ, ಬಲಿ ಇವುಗಳಲ್ಲಿರುವ ಹಿಂಸೆ ಸುಲಭವಾಗಿ ಕಾಣುತ್ತದೆ. ಮನೆಯೊಳಗೆ, ಪ್ರೀತಿಯ ಹೆಸರಿನಲ್ಲಿ, ಕ್ಷೇಮದ ಹೆಸರಿನಲ್ಲಿ ನಡೆಯುವ ಹಿಂಸೆ ಕಾಣುವುದು ಕಷ್ಟ. ಆಚಾರ್ಯರು ಅದನ್ನು ಕಾಣಿಸಲು ಈ ಕಥೆಯನ್ನು ಬಳಸಿದರು.

ಅರಮನೆಯೊಳಗಿನ ಅಪರಾಧ

ಜನ್ನನ ಕಥೆ ಆರಂಭವಾಗುವುದು ರಾಜಪುರದ ಚಂಡಮಾರಿಯ ಗುಡಿಯಲ್ಲಿ. ದೊರೆ ಮಾರಿದತ್ತನು ದೇವಿಗೆ ಪಶುಗಳ ಜೊತೆಗೆ ನರಬಲಿಯನ್ನೂ ಕೊಡಲು ಸಿದ್ಧನಾಗಿದ್ದಾನೆ. ತಳಾರ ಚಂಡಕರ್ಮನು ಹಿಡಿದು ತಂದವರು ಸುದತ್ತಾಚಾರ್ಯರ ಶಿಷ್ಯರಾದ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರು. ಸಾವಿನ ಎದುರಿನಲ್ಲಿಯೂ ಅಂಜದ ಆ ಮಕ್ಕಳನ್ನು ಕಂಡು ಅರಸನು ಬೆರಗಾಗಿ ಅವರು ಯಾರೆಂದು ಕೇಳುತ್ತಾನೆ. ಅಭಯರುಚಿ ತನ್ನ ಹಿಂದಿನ ಭವಗಳನ್ನು ಹೇಳತೊಡಗುತ್ತಾನೆ.

ಉಜ್ಜಯಿನಿಯ ಅರಸ ಯಶೋಧರ, ತಾಯಿ ಚಂದ್ರಮತಿ, ರಾಣಿ ಅಮೃತಮತಿ, ಮಗ ಯಶೋಮತಿ. ಒಂದು ಇರುಳು ಆನೆಯ ಲಾಯದಿಂದ ಕೇಳಿಬಂದ ಹಾಡಿಗೆ ಅಮೃತಮತಿ ಮನಸೋಲುತ್ತಾಳೆ. ಹಾಡಿದವನು ಅಷ್ಟವಂಕನೆಂಬ ಮಾವುತ, ಕುರೂಪಿ. ಆತನನ್ನು ಕಾಣುವ ಮೊದಲೇ ಆಕೆಯ ಮನಸ್ಸು ಹೊರಟುಹೋಗಿದೆ. ಒಮ್ಮೆ ಯಶೋಧರನು ಆಕೆಯನ್ನು ಮರೆಯಲ್ಲಿ ಹಿಂಬಾಲಿಸುತ್ತಾನೆ. ತಡವಾಗಿ ಬಂದಳೆಂದು ಮಾವುತನು ರಾಣಿಯನ್ನು ಹೊಡೆಯುವುದನ್ನೂ, ಆಕೆ ಅದನ್ನು ಸಹಿಸಿಕೊಂಡು ಅವನನ್ನೇ ಬೇಡಿಕೊಳ್ಳುವುದನ್ನೂ ಕಾಣುತ್ತಾನೆ. ಕತ್ತಿಗೆ ಕೈ ಹೋಗುತ್ತದೆ. ಆದರೆ ತನ್ನನ್ನು ತಡೆದುಕೊಂಡು ಮರಳುತ್ತಾನೆ.

ಕಥೆ ಇಲ್ಲಿಗೇ ನಿಂತಿದ್ದರೆ ಯಶೋಧರನು ಕ್ಷಮಾಶೀಲನೆಂದು ಹೊಗಳಿಸಿಕೊಳ್ಳುತ್ತಿದ್ದನು. ಆದರೆ ಮರುದಿನ ತಾಯಿ ಮಗನ ಬಾಡಿದ ಮುಖವನ್ನು ಕಂಡು ಕಾರಣ ಕೇಳುತ್ತಾಳೆ. ಅರಸನು ಸತ್ಯವನ್ನು ಹೇಳಲಾರ. ರಾತ್ರಿ ಕೆಟ್ಟ ಕನಸು ಕಂಡೆನೆನ್ನುತ್ತಾನೆ. ಮಾನವನ್ನು ಮುಚ್ಚಲು ಹೇಳಿದ ಈ ಒಂದು ಸುಳ್ಳು ಮುಂದಿನದಕ್ಕೆಲ್ಲ ಬೀಜ. ತಾಯಿಯ ಪಾಲಿಗೆ ದುಃಸ್ವಪ್ನವೆಂದರೆ ದೇವಿಯ ಮುನಿಸು. ಅದನ್ನು ನೀಗಲು ಪಶುಬಲಿಯೇ ಆಗಬೇಕೆಂದು ಆಕೆ ಹಟ ಹಿಡಿಯುತ್ತಾಳೆ. ಕೊಲ್ಲಲಾರೆನೆಂದು ಮಗ, ಕೊಲ್ಲಲೇಬೇಕೆಂದು ತಾಯಿ. ಕೊನೆಗೆ ಇಬ್ಬರೂ ಒಂದು ನಡುದಾರಿಗೆ ಬರುತ್ತಾರೆ: ಹಿಟ್ಟಿನ ಕೋಳಿ.

ಬಣ್ಣ ಹಚ್ಚಿದ ಆ ಕೋಳಿಯ ಚೆಲುವಿಗೆ ಮರುಳಾಗಿ ಬೆಂತರವೊಂದು ಅದನ್ನು ಹೊಕ್ಕಿತ್ತು. ಯಶೋಧರನ ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿತು. ಆ ಕೂಗು ಕಿವಿಗೆ ಬಿದ್ದ ಕ್ಷಣದಲ್ಲಿ ಅರಸನಿಗೆ ತಾನು ಮಾಡಿದ್ದೇನೆಂಬುದು ಅರಿವಾಗುತ್ತದೆ. ಆತ ರಾಜ್ಯವನ್ನು ಮಗನಿಗೆ ಒಪ್ಪಿಸಿ ತಪಸ್ಸಿಗೆ ಹೊರಡಲು ನಿಶ್ಚಯಿಸುತ್ತಾನೆ. ಗುಟ್ಟು ರಟ್ಟಾಯಿತೆಂದು ಅರಿತ ಅಮೃತಮತಿ ಅತ್ತೆಯನ್ನೂ ಗಂಡನನ್ನೂ ಔತಣಕ್ಕೆ ಕರೆದು ವಿಷವಿಕ್ಕಿ ಕೊಲ್ಲುತ್ತಾಳೆ.

ಒಂದು ಕೊಲೆಗೆ ಎಷ್ಟು ಮಂದಿ ಹೊಣೆ?

ನ್ಯಾಯಾಲಯದ ದೃಷ್ಟಿಯಲ್ಲಿ ಇಲ್ಲಿ ಅಪರಾಧಿ ಒಬ್ಬಳೇ, ವಿಷವಿಕ್ಕಿದವಳು. ಕಥೆ ಆಕೆಯನ್ನು ಬಿಟ್ಟುಕೊಡುವುದಿಲ್ಲ. ಆಕೆಗೆ ರೋಗವೂ ನರಕವೂ ಒದಗುತ್ತವೆ. ಆದರೆ ಜೈನ ಕವಿಯ ಕಣ್ಣು ಹೆಚ್ಚು ಕಾಲ ನೆಲಸುವುದು ಕೊಲೆಯಾದವರ ಮೇಲೆ. ಯಶೋಧರ ಮತ್ತು ಚಂದ್ರಮತಿ ನವಿಲು ಮತ್ತು ನಾಯಿಯಾಗಿ ಹುಟ್ಟುತ್ತಾರೆ. ಮಗನ ಕ್ಷೇಮಕ್ಕಾಗಿ ಬಲಿ ಬೇಡಿದ ತಾಯಿಯೇ ನಾಯಿಯಾಗಿ ನವಿಲಾದ ಮಗನನ್ನು ಕಚ್ಚಿ ಕೊಲ್ಲುತ್ತಾಳೆ. ಅನಂತರ ಮುಳ್ಳುಹಂದಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿ ಹೀಗೆ ಭವದಿಂದ ಭವಕ್ಕೆ ಕೊಲ್ಲುತ್ತ, ಕೊಲ್ಲಿಸಿಕೊಳ್ಳುತ್ತ ಸಾಗುತ್ತಾರೆ. ಒಂದು ಹಿಡಿ ಹಿಟ್ಟಿಗೆ ಇಷ್ಟು ದೊಡ್ಡ ದಂಡವೇಕೆ?

ಉತ್ತರ ತತ್ತ್ವಾರ್ಥಸೂತ್ರದ ಹಿಂಸಾಲಕ್ಷಣದಲ್ಲಿದೆ. ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಹರಣ ಮಾಡುವುದು ಹಿಂಸೆಯೆಂದು ಉಮಾಸ್ವಾತಿ ಆಚಾರ್ಯರು ಹೇಳಿದರು. ಪ್ರಮಾದವೇ ಹಿಂಸೆಯ ಮೂಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನೇ ಬಿಡಿಸಿ ವಿವರಿಸಿದರು. ರಾಗಾದಿ ಭಾವಗಳು ಹುಟ್ಟಿದಾಗಲೇ ಆತ್ಮನ ಹಿಂಸೆ ನಡೆದುಹೋಗುತ್ತದೆ. ಹೊರಗಿನ ಜೀವ ಸಾಯಲಿ ಸಾಯದಿರಲಿ, ಕೊಲ್ಲುವ ಭಾವ ತನ್ನ ಕರ್ಮವನ್ನು ಕಟ್ಟಿಕೊಳ್ಳುತ್ತದೆ. ಎಚ್ಚರದಿಂದ ನಡೆಯುವವನ ಕಾಲಿಗೆ ಸಿಕ್ಕಿ ಹುಳುವೊಂದು ಸತ್ತರೂ ಅವನಿಗೆ ಆ ಬಂಧವಿಲ್ಲ. ಕೊಲ್ಲಬೇಕೆಂದು ಕತ್ತಿ ಎತ್ತಿದವನಿಗೆ ಎದುರಿನಲ್ಲಿ ಹಿಟ್ಟೇ ಇದ್ದರೂ ಬಂಧವುಂಟು.

ಹಾಗಾದರೆ ಈ ದುರಂತದ ಹೊಣೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಗುರುತಿಸಬಹುದು. ಅಮೃತಮತಿ ದಾಂಪತ್ಯದ ನಿಷ್ಠೆಯನ್ನು ಮುರಿದಳು. ಯಶೋಧರನು ಕತ್ತಿಯನ್ನು ತಡೆದನಾದರೂ ಸತ್ಯವನ್ನು ಮುಚ್ಚಿದನು. ಚಂದ್ರಮತಿ ಮಗನ ಮೇಲಿನ ಮೋಹದಲ್ಲಿ ಬೇರೊಂದು ಜೀವವನ್ನು ಬೆಲೆಯಾಗಿ ಕೊಡಲು ಮುಂದಾದಳು. ತಾಯಿಯ ಮನ ನೋಯಿಸಲಾರದೆ ಮಗ ವ್ರತವನ್ನೂ ಉಳಿಸಿದಂತೆ, ಬಲಿಯನ್ನೂ ಕೊಟ್ಟಂತೆ ತೋರುವ ಉಪಾಯ ಹೂಡಿದನು. ಒಂದೊಂದೂ ಚಿಕ್ಕ ತಪ್ಪಿನಂತೆ ಕಾಣುತ್ತದೆ. ಒಟ್ಟುಗೂಡಿದಾಗ ವಿಷದ ಬಟ್ಟಲು ಸಿದ್ಧವಾಗುತ್ತದೆ. ಹಿಟ್ಟಿನ ಕೋಳಿಯ ನಿಜವಾದ ಪಾಪ ಈ ಉಪಾಯದಲ್ಲಿದೆ. ಅಕ್ಷರವನ್ನು ಉಳಿಸಿ ಭಾವವನ್ನು ಕೊಂದ ವ್ರತ ಅದು.

ಪುತ್ರನಿದ್ದೂ ಗತಿ ಇಲ್ಲ

ಕಥೆಯಲ್ಲಿ ಓದುಗರು ಸಾಮಾನ್ಯವಾಗಿ ದಾಟಿಹೋಗುವ ಒಂದು ಸಂಗತಿಯುಂಟು. ಯಶೋಧರನಿಗೆ ಮಗನಿದ್ದಾನೆ. ಯಶೋಮತಿ ದುಷ್ಟನಲ್ಲ. ತಂದೆಯನ್ನೂ ಅಜ್ಜಿಯನ್ನೂ ಭಕ್ತಿಯಿಂದ ನೆನೆದು ಅವರ ಸದ್ಗತಿಗಾಗಿ ಶ್ರಾದ್ಧವನ್ನು ಮಾಡಿಸುತ್ತಾನೆ. ಆ ಶ್ರಾದ್ಧದ ಅಡುಗೆಗೆಂದು ಕೊಲ್ಲುವ ಪ್ರಾಣಿಯೇ ಅವನ ತಂದೆ. ಯಾವ ಪುತ್ರನು ಪಿತೃಗಳನ್ನು ದಾಟಿಸುವನೆಂದು ಲೋಕ ನಂಬಿದೆಯೋ ಆ ಪುತ್ರನೇ ತಿಳಿಯದೆ ತಂದೆಯನ್ನು ಬೇಯಿಸುತ್ತಾನೆ. ಕಡೆಗೆ ಕೋಳಿಗಳಾಗಿದ್ದಾಗ ಧರ್ಮವನ್ನು ಕೇಳಿ ವ್ರತ ಹಿಡಿದ ಆ ಜೀವಗಳು, ಯಶೋಮತಿಯ ಬಾಣಕ್ಕೆ ಸಿಕ್ಕಿ ಅವನ ರಾಣಿ ಕುಸುಮಾವಳಿಯ ಗರ್ಭದಲ್ಲಿ ಅವಳಿ ಮಕ್ಕಳಾಗಿ ಹುಟ್ಟುತ್ತವೆ. ಆ ಮಕ್ಕಳೇ ಅಭಯರುಚಿ ಮತ್ತು ಅಭಯಮತಿ. ತಂದೆ ಮಗನಿಗೆ ಮಗನಾದನು. ಅಜ್ಜಿ ಮೊಮ್ಮಗನಿಗೆ ಮಗಳಾದಳು. ಜೀವವನ್ನು ದಾಟಿಸಿದ್ದು ಮಗನ ಪಿಂಡವಲ್ಲ, ತಾವೇ ಹಿಡಿದ ವ್ರತ.

ಜೈನ ಸಿದ್ಧಾಂತದಲ್ಲಿ ಪ್ರತಿಯೊಂದು ಜೀವವೂ ತನ್ನ ಕರ್ಮಕ್ಕೆ ತಾನೇ ಕರ್ತೃ, ತಾನೇ ಭೋಕ್ತೃ. ಮಗನಿಲ್ಲದವನಿಗೆ ಗತಿಯಿಲ್ಲವೆಂಬ ಮಾತಿಗೆ ಅಲ್ಲಿ ಸ್ಥಾನವಿಲ್ಲ. ಹೀಗಾಗಿಯೇ ಅಮೃತಮತಿಯ ಪತನಕ್ಕೆ ಕಾರಣ ಹುಡುಕುವಾಗ ಹಳೆಯ ಕವಿಗಳು ಮಕ್ಕಳಿಲ್ಲದ ಕೊರಗನ್ನು ತರಲಿಲ್ಲ.

ಮಕ್ಕಳಿಲ್ಲದವರ ಸೊತ್ತು

ಆದರೆ ಧರ್ಮಶಾಸ್ತ್ರ ಮತ್ತು ರಾಜನೀತಿಗಳಲ್ಲಿ ಪುತ್ರನ ಪ್ರಶ್ನೆ ಆಸ್ತಿಯ ಪ್ರಶ್ನೆಯೂ ಆಗಿತ್ತು. ಮಗನಿಲ್ಲದೆ ಸತ್ತವನ ಸೊತ್ತು ಅರಮನೆಗೆ ಸೇರುವ ಪದ್ಧತಿ ಹಲವೆಡೆ ಇದ್ದಿತು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು, ವಿಭಕ್ತನಾಗಿ ಮಗನಿಲ್ಲದೆ ಸತ್ತವನ ಸೊತ್ತು ಮೊದಲು ಪತಿವ್ರತೆಯಾದ ಹೆಂಡತಿಗೆ ಸಲ್ಲಬೇಕೆಂದು ವಾದಿಸಿದನು. ಮನಗೂಳಿಯ 12ನೆಯ ಶತಮಾನದ ಶಾಸನವೊಂದು ಅಂಥವನ ಸೊತ್ತು ಹೆಂಡತಿ, ಹೆಣ್ಣುಮಕ್ಕಳು, ದಾಯಾದರು ಎಂಬ ಕ್ರಮದಲ್ಲಿ ಸಲ್ಲಬೇಕೆಂದೂ, ಯಾರೂ ಇಲ್ಲದಿದ್ದರೆ ಮಾತ್ರ ದೇವಾಲಯಕ್ಕೆ ಹೋಗಬೇಕೆಂದೂ ವಿಧಿಸುತ್ತದೆ. ಅದೇ ಶತಮಾನದಲ್ಲಿ ಗುಜರಾತಿನ ಕುಮಾರಪಾಲನು ಹೇಮಚಂದ್ರಾಚಾರ್ಯರ ಪ್ರಭಾವದಿಂದ ಪುತ್ರಹೀನರ ಸೊತ್ತನ್ನು ವಶಪಡಿಸಿಕೊಳ್ಳುವುದನ್ನೇ ಕೈಬಿಟ್ಟನು. ವಿಧವೆಯ ಕಣ್ಣೀರಿನ ಹಣ ಬೊಕ್ಕಸಕ್ಕೆ ಬೇಡವೆಂಬ ಆ ನಿರ್ಧಾರ ಜೈನ ರಾಜನೀತಿಯ ಒಂದು ಉಜ್ವಲ ಅಧ್ಯಾಯ.

ಪುತ್ರನೊಬ್ಬನ ಮೇಲೆ ಎಲ್ಲವೂ ನಿಂತಾಗ ಏನಾಗುವುದೆಂಬುದಕ್ಕೆ ಕಿತ್ತೂರೇ ಸಾಕ್ಷಿ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕದ ಪತ್ರವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಸಂಶಯದಿಂದ ನೋಡಿ ಒಪ್ಪದೆಹೋದನು. ಅಕ್ಟೋಬರಿನಲ್ಲಿ ಯುದ್ಧವೇ ನಡೆದು ಥ್ಯಾಕರೆ ಮಡಿದನು. ರಾಣಿ ಚನ್ನಮ್ಮನ ಶೌರ್ಯ ನಾಡಿನ ಹೆಮ್ಮೆ. ಆದರೆ ಒಂದು ಮಗುವಿನ ದತ್ತಕ ಒಂದು ಸಂಸ್ಥಾನದ ಅಳಿವು ಉಳಿವನ್ನು ನಿರ್ಧರಿಸಿದ್ದು ಆ ಕಾಲದ ವ್ಯವಸ್ಥೆಯ ಕ್ರೌರ್ಯ.

ಜೈನರ ವಿಷಯದಲ್ಲಿ ಬ್ರಿಟಿಷ್ ನ್ಯಾಯಾಲಯಗಳು ಒಂದು ಭೇದವನ್ನು ಗುರುತಿಸಿದವು. 1878ರಲ್ಲಿ ಶಿವಸಿಂಗ್ ರಾಯ್ ಮತ್ತು ದಾಖೋ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್, ಮಕ್ಕಳಿಲ್ಲದ ಜೈನ ವಿಧವೆ ಗಂಡನ ಪೂರ್ವಾನುಮತಿಯಾಗಲಿ ಬಂಧುಗಳ ಒಪ್ಪಿಗೆಯಾಗಲಿ ಇಲ್ಲದೆ ದತ್ತು ತೆಗೆದುಕೊಳ್ಳಬಹುದೆಂಬ ರೂಢಿಯನ್ನು ಮಾನ್ಯಮಾಡಿತು. ಜೈನರಲ್ಲಿ ದತ್ತಕ ಪಿಂಡಕ್ಕಾಗಿ ಅಲ್ಲ, ಅದೊಂದು ಲೌಕಿಕ ವ್ಯವಸ್ಥೆ ಎಂಬುದು ಇದರ ಹಿಂದಿನ ತತ್ತ್ವ. ಚಂಪತರಾಯ್ ಜೈನ್ ಅವರು 1926ರಲ್ಲಿ ಜೈನ ಕಾನೂನಿನ ಕುರಿತು ಗ್ರಂಥವನ್ನು ಪ್ರಕಟಿಸಿ, ಭದ್ರಬಾಹು ಸಂಹಿತೆ, ಅರ್ಹನ್ನೀತಿ ಮೊದಲಾದವುಗಳ ಆಧಾರದಿಂದ ಗಂಡನ ಆಸ್ತಿಯಲ್ಲಿ ವಿಧವೆಗೆ ಮಗನಿಗಿಂತ ಮೊದಲ ಸ್ಥಾನವುಂಟೆಂದು ಪ್ರತಿಪಾದಿಸಿದರು. ತುಳುನಾಡಿನ ಜೈನರಲ್ಲಿಯೋ ಅಳಿಯಸಂತಾನದ ಕಟ್ಟು ಇದ್ದು, ಮನೆತನ ನಡೆದದ್ದು ಹೆಣ್ಣಿನ ಸಾಲಿನಲ್ಲಿ. 1956ರ ಹಿಂದೂ ಉತ್ತರಾಧಿಕಾರ ಮತ್ತು ದತ್ತಕ ಕಾಯಿದೆಗಳು ಜೈನರಿಗೂ ಅನ್ವಯವಾಗಿ ಈ ಹಳೆಯ ರೂಢಿಗಳ ಬಹುಭಾಗ ಇತಿಹಾಸಕ್ಕೆ ಸೇರಿತು. ಆದರೂ ಹೆಂಡತಿಯ ಗೌರವ ಗರ್ಭದ ಮೇಲೆ ನಿಂತಿಲ್ಲವೆಂಬ ಅವುಗಳ ಇಂಗಿತ ಮರೆಯತಕ್ಕದ್ದಲ್ಲ.

ಹೊಸ ಕಾಲದ ಹಿಟ್ಟಿನ ಹುಂಜ

1980ರಲ್ಲಿ ಗಿರೀಶ ಕಾರ್ನಾಡರು ಇದೇ ಕಥೆಯನ್ನು ‘ಹಿಟ್ಟಿನ ಹುಂಜ’ ಎಂಬ ನಾಟಕವಾಗಿಸಿದರು. ಅವರ ರಾಣಿ ಹುಟ್ಟಿನಿಂದ ಜೈನಳು. ಅರಸನು ಆಕೆಗಾಗಿ ಜಿನಧರ್ಮವನ್ನು ಸ್ವೀಕರಿಸಿದವನು. ಅತ್ತೆ ಬಲಿಯನ್ನು ನಂಬಿದವಳು. ಹಳೆಯ ಕಾವ್ಯಗಳಲ್ಲಿ ಇಲ್ಲದ ಒಂದು ನೋವನ್ನು ಕಾರ್ನಾಡರು ಅರಮನೆಯೊಳಗೆ ತಂದರು: ಮಕ್ಕಳಿಲ್ಲದ ಕೊರಗು. ಅದರೊಂದಿಗೆ ಅತ್ತೆಯ ಚುಚ್ಚುಮಾತು, ಗಂಡನ ಇಬ್ಬಂದಿತನ, ರಾಣಿಯ ಒಂಟಿತನ ಎಲ್ಲವೂ ಬಂದವು.

ಈ ಬದಲಾವಣೆಯನ್ನು ಮೂಲಕ್ಕೆ ಮಾಡಿದ ಅಪಚಾರವೆಂದು ಕೆಲವರು ಎಣಿಸಬಹುದು. ಆದರೆ ಅದನ್ನು ಇಂದಿನ ಕುಟುಂಬಗಳ ಕನ್ನಡಿಯೆಂದು ನೋಡುವುದು ಹೆಚ್ಚು ಉಪಯುಕ್ತ. ಹದಿಮೂರನೆಯ ಶತಮಾನದ ಜನ್ನನಿಗೆ ಬೇಡವಾದ ಕಾರಣ ಇಪ್ಪತ್ತನೆಯ ಶತಮಾನದ ನಾಟಕಕಾರನಿಗೆ ಸಹಜವಾಗಿ ಒದಗಿತು. ಅಂದರೆ ಸಿದ್ಧಾಂತ ಬಿಟ್ಟುಕೊಟ್ಟ ಪುತ್ರಮೋಹವನ್ನು ಸಮಾಜ ಬಿಟ್ಟಿಲ್ಲ. ಕರ್ಮಸಿದ್ಧಾಂತವನ್ನು ಪ್ರವಚನದಲ್ಲಿ ಕೇಳಿ ತಲೆದೂಗುವ ಮನೆಗಳಲ್ಲಿಯೂ ಮದುವೆಯಾಗಿ ನಾಲ್ಕು ವರ್ಷ ಕಳೆದರೆ ಸೊಸೆಯತ್ತ ಬೇರೆ ನೋಟ ಬೀಳುತ್ತದೆ. ದೋಷ ಯಾರಲ್ಲಿದೆಯೆಂದು ವೈದ್ಯರು ಹೇಳುವ ಮೊದಲೇ ಮನೆ ತೀರ್ಪು ಕೊಟ್ಟಿರುತ್ತದೆ. ಹರಕೆ, ಮಂತ್ರವಾದಿ, ಎರಡನೆಯ ಸಂಬಂಧದ ಮಾತು, ಸುಳ್ಳು ಕಾಗದಗಳಿಂದ ಮಗುವನ್ನು ಪಡೆಯುವ ಯತ್ನ ಇವೆಲ್ಲವೂ ಆ ತೀರ್ಪಿನ ಮಕ್ಕಳು. ವೃತ್ತಪತ್ರಿಕೆಗಳ ಅಪರಾಧವಾರ್ತೆಗಳಲ್ಲಿ ಆಗಾಗ ಕಾಣುವ ದಾಂಪತ್ಯದ್ರೋಹ, ಕೊಲೆ, ಶಿಶುಕಳ್ಳತನಗಳ ಹಿಂದೆ ಇಂಥ ಮುಚ್ಚಿಟ್ಟ ನೋವು ಇರುವುದುಂಟು. ನೋವು ಅಪರಾಧವನ್ನು ಕ್ಷಮಿಸುವುದಿಲ್ಲ. ಆದರೆ ನೋವನ್ನು ಬೆಳೆಸಿದವರನ್ನೂ ಅದು ನಿರ್ದೋಷಿಗಳನ್ನಾಗಿ ಮಾಡುವುದಿಲ್ಲ. ಚಂದ್ರಮತಿಯ ಭವಾವಳಿ ಹೇಳುವುದು ಇದನ್ನೇ.

ಸಪ್ತಸಂತಾನ

ಕನ್ನಡ ನಾಡಿನ ಹಿರಿಯರು ಸಂತಾನವೆಂಬ ಮಾತನ್ನು ಮಗನೊಬ್ಬನಿಗೆ ಕಟ್ಟಿಹಾಕಲಿಲ್ಲ. ಪುತ್ರನ ಜೊತೆಗೆ ಕೆರೆ, ದೇವಾಲಯ, ವನ, ಕಾವ್ಯ, ನಿಧಿ, ಅಗ್ರಹಾರ ಇವನ್ನೂ ಎಣಿಸಿ ಸಪ್ತಸಂತಾನವೆಂದರು. ಏಳರಲ್ಲಿ ಒಂದು ಮಾತ್ರ ಗರ್ಭದಿಂದ ಬರತಕ್ಕದ್ದು. ಉಳಿದ ಆರು ಯಾರ ಕೈಗಾದರೂ ಎಟುಕತಕ್ಕವು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯ ಹೆಸರನ್ನು ಇಂದು ಉಳಿಸಿರುವುದು ಆಕೆ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿ. ವಿಷ್ಣುವರ್ಧನನ ತರುವಾಯ ಪಟ್ಟವೇರಿದ ನರಸಿಂಹನು ಲಕ್ಷ್ಮಾದೇವಿಯ ಮಗನೆಂಬುದರಿಂದ ಶಾಂತಲೆಯ ಕೀರ್ತಿಗೆ ಯಾವ ಊನವೂ ಬರಲಿಲ್ಲ. ಆಡೂರಿನ ಧರ್ಮಗಾಮುಂಡನ ವಂಶ ಎಲ್ಲಿಯವರೆಗೆ ಬೆಳೆಯಿತೆಂದು ಯಾರೂ ಕೇಳುವುದಿಲ್ಲ. ಅವನು ಕಟ್ಟಿಸಿದ ಜಿನಾಲಯದ ಮಾತನ್ನು ಹನ್ನೆರಡು ಶತಮಾನಗಳ ಮೇಲೂ ಕಲ್ಲು ನುಡಿಯುತ್ತಿದೆ.

ಬಸದಿಗಳ ಆಡಳಿತ ಮಂಡಳಿಗಳು ಈ ವಿಚಾರದಲ್ಲಿ ಮಾಡಬಹುದಾದ ಕೆಲಸವಿದೆ. ಮಂಗಳಕಾರ್ಯಗಳಲ್ಲಿ, ಪಂಚಕಲ್ಯಾಣದ ಸೇವೆಗಳಲ್ಲಿ ಮಕ್ಕಳಿಲ್ಲದ ದಂಪತಿಗಳನ್ನು ಹಿಂದೆ ಸರಿಸುವ ರೂಢಿ ಎಲ್ಲಿಯಾದರೂ ಇದ್ದರೆ ಅದಕ್ಕೆ ಸಿದ್ಧಾಂತದ ಆಧಾರವಿಲ್ಲವೆಂದು ಬಾಯಿಬಿಟ್ಟು ಹೇಳಬೇಕು. ಕಾನೂನಿನ ಕ್ರಮದಲ್ಲಿ ಮಗುವನ್ನು ದತ್ತು ಪಡೆದ ಕುಟುಂಬವನ್ನು ಆದರದಿಂದ ಬರಮಾಡಿಕೊಳ್ಳಬೇಕು. ಸ್ವದಾರಸಂತೋಷವ್ರತವನ್ನು ಬೋಧಿಸುವಾಗ ಅದನ್ನು ಹೆಣ್ಣಿನ ನಡತೆಯ ಕಾವಲಿಗಷ್ಟೇ ಬಳಸದೆ, ಗಂಡ ಹೆಂಡಿರಿಬ್ಬರಿಗೂ ಸಮನಾದ ವ್ರತವೆಂದು ತಿಳಿಸಬೇಕು.

ಮನೆಯ ಹಿರಿಯರು ಮಾಡಬೇಕಾದದ್ದು ಇನ್ನೂ ಸರಳ. ಸೊಸೆಗೋ ಅಳಿಯನಿಗೋ ಚುಚ್ಚುವ ಮಾತು ನಾಲಗೆಯ ತುದಿಗೆ ಬಂದಾಗ, ಯಾರನ್ನೂ ಕೊಲ್ಲುತ್ತಿಲ್ಲ, ಬರಿಯ ಮಾತು ತಾನೆ ಎಂಬ ಸಮಾಧಾನ ಮನಸ್ಸಿನಲ್ಲಿ ಮೂಡುವುದು ಸಹಜ. ಯಶೋಧರನೂ ಹಾಗೆಯೇ ಎಣಿಸಿದ್ದನು, ಬರಿಯ ಹಿಟ್ಟು ತಾನೆ ಎಂದು.